ಹಿಂಡಿ ಚೀಲ

"ಫ್ರೀ ಐತಂತ ದಿನಾ ಹುಬ್ಬಳ್ಳಿಗೆ ಹೊಂಟೀಯಲ್ಲಬೇ, ಅಲ್ಲಿ ನಿಂದೇನು ದಂಧೆ ಐತಿ?"

ಕಂಡಕ್ಟರನ ಮಾತಿಗೆ ಬಸ್ಸಿನ ಅರ್ಧ ಮಂದಿ ನಕ್ಕರು. ದಾನವ್ವ ಬಲಗೈಯಿಂದ ಕಂಬಿ ಹಿಡಿದು ನಿಂತಿದ್ದಳು. ಎಡಗೈ ಮೇಲೇಳುತ್ತಿರಲಿಲ್ಲ. ಎಡ ಮೊಲೆ ಕೊಯ್ದು ತೆಗೆದಿದ್ದರು, ಈಗ ಅದೇ ಜಾಗಕ್ಕೆ ಹುಬ್ಬಳ್ಳಿಯ ದವಾಖಾನೆಯಲ್ಲಿ ದಿನಾ ರೇಡಿಯೇಶನ್ನಿನ ಕರೆಂಟ್ ಕೊಡುತ್ತಿದ್ದರು.

"ಕ್ಯಾನ್ಸರ್ ದಂಧೆ ಐತೋ ಯಪ್ಪಾ. ನಿನಗೂ ಬೇಕೇನು?"

ನಕ್ಕವರೆಲ್ಲ ಕಿಟಕಿಯ ಹೊರಗೆ ನೋಡತೊಡಗಿದರು. ಒಬ್ಬಳು ಮೂಗಿಗೆ ಸೆರಗು ಒತ್ತಿಕೊಂಡಳು. ಜಾಗ ಮಾತ್ರ ಯಾರೂ ಬಿಡಲಿಲ್ಲ.

ಹತ್ತಿಮತ್ತೂರಿನ ಬಸ್ಸು ಸವಣೂರು ಮುಟ್ಟುವಷ್ಟರಲ್ಲಿ ಹುಬ್ಬಳ್ಳಿಯ ಬಸ್ಸು ಹೋಗಿತ್ತು. ಇನ್ನೊಂದನ್ನು ಕಾದು ದವಾಖಾನೆಗೆ ಬಂದರೆ ಪಾಳಿ ಮುಗಿದಿತ್ತು.

"ನಿನ್ನೇನೂ ತಪ್ಪಿಸಿದಿ, ಇವತ್ತೂ ತಪ್ಪಿಸಿದಿ," ಅಂದಳು ಮಷೀನು ನಡೆಸುವ ತಸ್ಲೀಮಾ. "ಹಿಂಗ ಬಿಟ್ಟು ಬಿಟ್ಟು ತಗೊಂಡ್ರ ಗಡ್ಡಿ ಮತ್ತ ಬರ್ತೈತಿ. ಇಲ್ಲೇ ಒಂದು ರೂಮ್ ಮಾಡ್ಕೊಂಡು ಇರಾಕ ಏನಾಗೇತಿ ನಿನಗ?"

"ಇರ್ತೇನ್ರಿ ಮೇಡಮ್ಮಾರ. ಗಾಳಿ ಬೆಳಕು ಚಲೋ ಇರೂದು ನೋಡಿ ಕೊಡಸ್ರಿ."

ಹೊರಗೆ ಬಂದರೆ ಅಂಗಳದಲ್ಲಿ ಸಾವ್ಕಾರ ಬಸವೇಶನ ದೊಡ್ಡ ಕಾರು ನಿಂತಿತ್ತು. ದಾನವ್ವ ತಿಳಿವಳಿಕೆ ಬಂದಾಗಿನಿಂದ ಕಸ ತೆಗೆದದ್ದು ಇವನದೇ ಹೊಲದಲ್ಲಿ. ಇವನ ತಾಯಿ ನೀಲವ್ವನಿಗೂ ಅದೇ ರೋಗ, ಅದೇ ಮಷೀನು. ರೋಗವೇನು ಊರಲ್ಲಿ ಹುಟ್ಟಿ ಬೆಳೆದದ್ದೇ? ಕೇರಿ ಯಾವುದು, ಸಾವ್ಕಾರರ ಓಣಿ ಯಾವುದು, ಪಾಪ, ಅದಕ್ಕೆ ಗೊತ್ತಾಗಿರಲಿಲ್ಲ. ತಾಯಿ, ಮಗ ಇಬ್ಬರೇ ಬರುತ್ತಿದ್ದರು, ಉಳಿದ ಸೀಟುಗಳು ಖಾಲಿ ಓಡಾಡುತ್ತಿದ್ದವು.

"ಯಪ್ಪಾ, ನಾಳಿಂದ ನನ್ನೂ ಕರಕೊಂಡು ಬರ್ರಿ. ಹಿಂದ ಒಂದು ಮೂಲ್ಯಾಗ ಕುಂಡ್ರತೇನಿ."

ಬಸವೇಶ ತಾಯಿಯ ಮುಖ ನೋಡಿದ.

"ಬರಲಿ ಬಿಡೋ, ಪುಣ್ಯಾ ಬರ್ತೈತಿ," ಅಂದಳು ನೀಲವ್ವ. "ಸೀಟು ಮುಟ್ಟಬಾರ್ದು ನೋಡು ಮತ್ತ."

ಮರುದಿನ ಬೆಳಿಗ್ಗೆ ಬಸವೇಶ ದನದ ಕೊಟ್ಟಿಗೆಯಿಂದ ಒಂದು ಗೋಣಿಚೀಲ ತಂದು ಹಿಂದಿನ ಸೀಟಿಗೆ ಹಾಸಿದ. ಎತ್ತಿನ ಹಿಂಡಿ ತುಂಬಿದ್ದ ಚೀಲ.

"ಇದರ ಮ್ಯಾಲ ಕುಂಡ್ರು. ಇಳಿಯೂಮುಂದ ಕೈಯಾಗ ಹಿಡ್ಕೊಂಡು ಹೋಗು, ಗಾಡಿ ವಾಸನಿ ಹಿಡೀತೈತಿ."

ಬಂಕಾಪುರ ದಾಟುವಷ್ಟರಲ್ಲಿ ಹಿಂಡಿಯ ಧೂಳು ಕರೆಂಟಿನಿಂದ ಸುಟ್ಟ ಎದೆಗೆ ಹತ್ತಿ ಉರಿಯತೊಡಗಿತು. ಆದರೂ ಅವತ್ತು ಪಾಳಿಗೆ ಮೊದಲೇ ದವಾಖಾನೆ ಮುಟ್ಟಿದಳು. ದಾನವ್ವನಿಗೆ ಹಿಗ್ಗಾಯಿತು. ಹಿಗ್ಗಾಯಿತಲ್ಲ ಎಂದು ತನ್ನ ಮೇಲೆಯೇ ಸಿಟ್ಟು ಬಂತು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಹೆಸರು ಕರೆದಾಗ ಚೀಲದ ಜೊತೆಗೇ ಒಳಗೆ ಹೋದಳು.

ಕರೆಂಟ್ ತೆಗೆದುಕೊಂಡು ಮಷೀನಿನ ಮಂಚದಿಂದ ಎದ್ದರೆ ಬಾಗಿಲಲ್ಲಿ ನೀಲವ್ವ. ಮುಂದಿನ ಪಾಳಿ ಅವಳದೇ. ಇಬ್ಬರ ಮೈಮೇಲೂ ದವಾಖಾನೆಯ ಒಂದೇ ನಮೂನೆಯ ನೀಲಿ ಅಂಗಿ.

ದಾನವ್ವ ಚೀಲ ಬಿಡಿಸಿ ಮಂಚದ ಮೇಲೆ ಹಾಸಿದಳು. ಬಲಗೈಯಿಂದ ಸುಕ್ಕು ತೀಡಿದಳು.

"ಏನವಾ ಇದು?" ಅಂದಳು ತಸ್ಲೀಮಾ.

"ನಾ ಮಲಗಿದ್ದ ಜಾಗಾರಿ. ಅವ್ವಾರಿಗೆ ಮೈಲಿಗಿ ಆಗಬಾರ್ದಲ್ಲ. ಅವರ ಮನೀ ಚೀಲಾನ ಐತಿ."

"ತಗೀಬೇ ಅದನ್ನ," ಅಂದಳು ನೀಲವ್ವ.

"ತಗದ್ರ ನಾ ಮಲಗಿದ್ದ ಜಾಗಾನ ಉಳೀತೈತಿ. ನಡೀತೈತೇನ್ರಿ?"

"ಲಗೂ ಮಾಡ್ರಿ, ಹೊರಗ ಮಂದಿ ಕಾಯಾಕತ್ತಾರ," ಅಂದಳು ತಸ್ಲೀಮಾ.

ನೀಲವ್ವ ಮಷೀನು ನೋಡಿದಳು, ಚೀಲ ನೋಡಿದಳು.

"ನಡೀತೈತಿ," ಅಂದಳು, ಗೋಡೆಗೆ ಹೇಳಿದಂತೆ.

"ಹಂಗಾರ ನೀವ ತಗೀರಿ."

ದಾನವ್ವ ಸೀರೆ ಉಟ್ಟುಕೊಂಡು ಹೊರಗೆ ಬಂದಳು. ಬಸವೇಶ ಕಾರಿನ ಹಿಂಬಾಗಿಲು ತೆಗೆದ.

"ಚೀಲ ಎಲ್ಲೈತಬೇ? ಯಾತರ ಮ್ಯಾಲ ಕುಂತು ಬರ್ತಿ?"

"ನಿಮ್ಮವ್ವಾರ ಕೈಯಾಗ ಕೊಟ್ಟು ಬಂದೇನಿ."

ನಾಳೆ ಮತ್ತೆ ಅದೇ ಬಸ್ಸು, ಅದೇ ಕಂಡಕ್ಟರು. ಪಾಳಿ ತಪ್ಪಿದರೆ ಗಡ್ಡೆ ಕಾಯುವುದಿಲ್ಲ ಎನ್ನುವುದು ಅವಳಿಗೆ ಗೊತ್ತಿತ್ತು. ತಿರುಗಿ ನೋಡದೆ ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಸಾವ್ಕಾರ ಬಾಗಿಲು ಹಿಡಿದುಕೊಂಡೇ ನಿಂತಿದ್ದ.