ಸೈಲೆನ್ಸರಿನ ಹೊಸ ತೂತು

ಹದಿನಾಲ್ಕನೆಯ ಸಲ ಹಗ್ಗ ಎಳೆದಾಗಲೂ ಮರ ಕೊಯ್ಯುವ ಮಿಷನ್ ಒಮ್ಮೆ ಗಂಟಲು ಸರಿಮಾಡಿಕೊಂಡಂತೆ ಗೊರಗುಟ್ಟಿ ಸುಮ್ಮನಾಯಿತು. ಗಡಿಗೆಪ್ಪ ಹಗ್ಗ ಬಿಟ್ಟು ಸೊಂಟ ಹಿಡಿದುಕೊಂಡ. ಮಾನ್ವಿಯ ಆ ಅಕ್ಕಿ ಗಿರಣಿಯ ಅಂಗಳದಲ್ಲಿ ಬೆಳಗ್ಗೆ ಎಂಟಕ್ಕೇ ಬಿಸಿಲು ಚುರುಗುಟ್ಟುತ್ತಿತ್ತು. ಮಿಷನ್ ಕೆಟ್ಟಿದೆ ಎಂದರೆ ಸಲಹೆ ಕೊಡುವವರಿಗೆ ಬರವೇ? ಹಮಾಲರು, ಲಾರಿಯವರು, ಚಹಾ ತಂದವನು, ಎಲ್ಲರೂ ಒಂದೊಂದು ಕಾರಣ ಹೇಳಿ ಮುಗಿಸಿದ್ದರು.

ಏನೂ ಹೇಳದೆ ನಿಂತವಳು ವಾಹಿದಾ ಒಬ್ಬಳೇ. ಏಕೆಂದರೆ ಈ ಮಿಷನ್ನನ್ನು ಬಿಚ್ಚಿ, ಸರಿಮಾಡಿ, ಮತ್ತೆ ಜೋಡಿಸಿದ ಕೈ ಅವಳದೇ.

ದೇವದುರ್ಗದಲ್ಲಿ ಅವಳ ತಂದೆ ಮುಕರ್ರಂನ ಅಂಗಡಿ ಇದೆ. ಹತ್ತಿಗೆ, ಭತ್ತಕ್ಕೆ ಔಷಧಿ ಹೊಡೆಯುವ ಪಂಪುಗಳ ರಿಪೇರಿ. ಮುಕರ್ರಂಗೆ ಕೈ ನಡುಗಲು ಶುರುವಾಗಿ ಆರು ವರ್ಷವಾಯಿತು. ಅಂದಿನಿಂದ ಕೆಲಸವೆಲ್ಲ ಒಳಗೆ ಕೂತ ವಾಹಿದಾಳದು, ಹೆಸರು ಹೊರಗೆ ಕುರ್ಚಿಯಲ್ಲಿ ಕೂತ ಅಪ್ಪನದು. ಗಿರಾಕಿಗಳು ಪಂಪಿನ ರೋಗವನ್ನು ಅಪ್ಪನಿಗೆ ಹೇಳುತ್ತಿದ್ದರು, ಅಪ್ಪ ಗಂಭೀರವಾಗಿ ತಲೆಯಾಡಿಸುತ್ತಿದ್ದ. ಸಂಜೆ ಪಂಪು ಒಯ್ಯುವಾಗ "ಚಾಚಾ, ನಿಮ್ಮ ಕೈಯಾಗ ಏನೋ ಅದ ನೋಡ್ರಿ" ಎಂದು ಹೊಗಳಿ ಹೋಗುತ್ತಿದ್ದರು. ವಾಹಿದಾಳಿಗೆ ಮೊದಮೊದಲು ಇದು ನಗೆಯಾಟವಾಗಿತ್ತು. ಈಚೆಗೆ ನಗು ಬರುತ್ತಿರಲಿಲ್ಲ, ಸಿಟ್ಟು ಬರುತ್ತಿತ್ತು.

ಮಸರಕಲ್‌ನ ಗಡಿಗೆಪ್ಪ ಮರ ಕಡಿಯುವ ಗುಂಪಿನ ಮುಖ್ಯಸ್ಥ. ಇಪ್ಪತ್ತು ವರ್ಷ ಕೊಡಲಿ ಹಿಡಿದು, ಹೋದ ವರ್ಷ ಫೋನಿನಲ್ಲಿ ನೋಡಿ ನಾಲ್ಕು ಅಗ್ಗದ ಮಿಷನ್ನುಗಳನ್ನು ತರಿಸಿದ್ದ. ಅವುಗಳದು ಕೂಗಾಟ ಬಹಳ, ಕೆಲಸ ಕಡಿಮೆ. ಒಂದನ್ನು ಪರೀಕ್ಷೆಗೆಂದು ಮುಕರ್ರಂಗೆ ಕೊಟ್ಟು ಹೇಳಿದ್ದ: "ಇದು ಮಾನ್ವಿ ಗಿರಣಿ ಹುಣಸಿ ಕೊಯ್ದರ ಉಳಿದ ಮೂರೂ ನಿಮ್ಮಲ್ಲೇ ಬರ್ತಾವ. ಇಲ್ಲಂದ್ರ ರಾಯಚೂರಿಗೆ."

ವಾಹಿದಾ ಮೂರು ಸಂಜೆ ಅದರ ಜೊತೆ ಕೂತಳು. ಗಾಳಿ ಸೋರುತ್ತಿದ್ದ ಕಡೆ ಹೊಸ ಪ್ಯಾಕಿಂಗ್ ಹಾಕಿದಳು. ಎಂಜಿನ್ನಿನ ಶಕ್ತಿಗೆ ಮೀರಿದ ಉದ್ದನೆಯ ಬ್ಲೇಡು ತೆಗೆದು ಗಿಡ್ಡದು ಕೂಡಿಸಿದಳು. ಚೈನಿನ ಒಂದೊಂದು ಹಲ್ಲನ್ನೂ ಒಂದೇ ಓರೆಗೆ ಅರದಿಂದ ಉಜ್ಜಿದಳು. ಉಸಿರು ಕಟ್ಟಿದಂತಿದ್ದ ಸೈಲೆನ್ಸರಿಗೆ ಇನ್ನೊಂದು ತೂತು ಕೊರೆದಳು. ಪಕ್ಕಕ್ಕೆ ಕೊರೆದರೆ ಮರದ ಮೇಲೆ ಕೂತವನ ತೊಡೆಗೆ ಬಿಸಿ ಹೊಗೆ ಬಡಿಯುತ್ತದೆಂದು ಮೇಲ್ಮುಖವಾಗಿ ಕೊರೆದಳು. ಕೊನೆಗೆ ಜಾಲಿಯ ತುಂಡು ಕೊಯ್ಯುತ್ತ, ಸದ್ದು ಕೇಳುತ್ತ, ಕಾರ್ಬರೇಟರಿನ ತಿರುಪನ್ನು ಕೂದಲೆಳೆಯಷ್ಟು ಅತ್ತ ಇತ್ತ ತಿರುಗಿಸಿದಳು. ಮೂರನೆಯ ಸಂಜೆ ಮಿಷನ್ ಹಾಡಿದಂತೆ ಕೊಯ್ದಿತ್ತು. ಗಡಿಗೆಪ್ಪ ಬಂದು ಅದನ್ನು ಮನೆಗೆ ಒಯ್ದಿದ್ದ.

"ಸುರು ಮಾಡೂವಾಗ ಮಿಸ್ತ್ರಿ ಇರಬೇಕು" ಎಂದು ಗಡಿಗೆಪ್ಪ ಹೇಳಿಕಳಿಸಿದಾಗ ಮುಕರ್ರಂ ಮಗಳನ್ನೇ ಬಸ್ಸು ಹತ್ತಿಸಿದ್ದ. ಅವಳು ಬಂದಿಳಿದಾಗ ಗಡಿಗೆಪ್ಪ ಅವಳ ಹಿಂದೆಮುಂದೆ ನೋಡಿದ.

"ಚಾಚಾ ಬರಲಿಲ್ಲೇನವ್ವಾ?"

"ಮಾಡಿದಾಕಿ ಬಂದೀನಲ್ರಿ, ಅಣ್ಣಾರ" ಎಂದಿದ್ದಳು ವಾಹಿದಾ. ಆರು ವರ್ಷದಿಂದ ಬಾಯಲ್ಲೇ ಇದ್ದ ಮಾತು. ಆಡಿದ ಮೇಲೆ ಮೈ ಹಗುರಾಗಿತ್ತು. ಆಮೇಲೆ ಮಿಷನ್ ಹೀಗೆ ಕೈಕೊಟ್ಟಿತು.

ಗಡಿಗೆಪ್ಪನ ತಂಗಿಯ ಮಗ ಮಲ್ಲೇಶ ರಾಯಚೂರಿನವನು. ದುಬಾರಿ ಮಿಷನ್ ಇಟ್ಟುಕೊಂಡು, ಅದನ್ನು ಕೂಸಿನಂತೆ ಬಟ್ಟೆಯಲ್ಲಿ ಸುತ್ತಿಕೊಂಡೇ ತಿರುಗುವವ. ಅವನು ಹುಬ್ಬು ಹಾರಿಸಿದ. "ಮಾವಾ, ಕಡಿಮಿ ರೊಕ್ಕದ ಮಿಷಿನ್. ಮ್ಯಾಲ ಹೆಣ್ಮಕ್ಕಳ ಕೈಕೆಲಸ. ನಾ ಕೊಯ್ತೀನಿ ಬಿಡು." ಹಾಗೆನ್ನುತ್ತಲೇ ಸ್ಕ್ರೂಡ್ರೈವರ್ ತೆಗೆದು ಕಾರ್ಬರೇಟರಿನ ತಿರುಪಿಗೆ ಹಚ್ಚಲು ಹೋದ.

"ಅದಕ್ಕ ಕೈ ಹಚ್ಚಬ್ಯಾಡ" ಎಂದು ವಾಹಿದಾ ನಡುವೆ ತನ್ನ ಅಂಗೈ ಇಟ್ಟಳು. "ಅದು ಸರಿ ಅದ."

ಗಿರಣಿ ಸಾವ್ಕಾರ ಶಿವರಾಜ ಗಡಿಯಾರ ನೋಡಿಕೊಂಡರು. ಗಿರಣಿಯ ತಗಡಿನ ಮೇಲೆ ಹುಣಸೆಯ ಕೊಂಬೆಯೊಂದು ವಾಲಿಕೊಂಡಿತ್ತು, ಮನುಷ್ಯನ ಸೊಂಟದಷ್ಟು ದಪ್ಪ. ಅದು ಇಳಿಯುವ ತನಕ ಭತ್ತದ ಲಾರಿಗಳು ಒಳಗೆ ಬರುವಂತಿರಲಿಲ್ಲ. "ಯಾರರ ಕೊಯ್ರಿ, ಲಗೂ ಕೊಯ್ರಿ" ಎಂದರು ಅವರು.

ವಾಹಿದಾ ನೆಲದ ಮೇಲೆ ಕೂತು ಪ್ಲಗ್ ಬಿಚ್ಚಿದಳು. ಒದ್ದೆಯಾಗಿತ್ತು. ಮೂಗಿಗೆ ಹಿಡಿದಳು. ಪೆಟ್ರೋಲಿನ ವಾಸನೆಯ ನಡುವೆ ಇನ್ನೊಂದು ವಾಸನೆ, ಅಡುಗೆಮನೆಯದು. ಅವಳು ತಲೆಯೆತ್ತಿ ಗಡಿಗೆಪ್ಪನನ್ನು ನೋಡಿದಳು.

"ಅಣ್ಣಾರ, ನಿನ್ನಿ ಅಮಾಸಿ ಇತ್ತಲ್ಲ. ಮಿಷಿನ್ನಿಗೆ ಪೂಜಿ ಮಾಡಿದ್ರೇನು?"

"ಮಾಡಲಾರದ ಬಿಡ್ತೀವೇನವ್ವಾ. ವಿಭೂತಿ ಹಚ್ಚಿ ಕಾಯಿ ಒಡದೀವಿ."

"ಕಾಯಿನೀರು ಎಲ್ಲಿ ಹಾಕಿದ್ರಿ?"

"ಅದು ಮನ್ಯಾಕಿ ಕೆಲಸ. ನಾ ಗಂಟಿ ಬಾರಸಾಕತ್ತಿದ್ದೆ." ಗಡಿಗೆಪ್ಪ ಹೆಂಡತಿ ಅನ್ನಮ್ಮನಿಗೆ ಫೋನು ಹಚ್ಚಿ ಸ್ಪೀಕರ್ ಒತ್ತಿದ.

"ಎಲ್ಲಿ ಹಾಕೀನಿ ಅಂದ್ರ?" ಅನ್ನಮ್ಮನ ದನಿ ಅಂಗಳಕ್ಕೆಲ್ಲ ಕೇಳಿತು. "ಅದಕ್ಕಂತ ಮ್ಯಾಲ ಹೊಸಾ ತೂತು ಮಾಡಿಸ್ಕೊಂಡು ಬಂದೀರಲ್ಲ, ಅದರಾಗ ಹಾಕೀನಿ. ಒಂದು ಹನಿ ನೆಲಕ್ಕ ಬಿಟ್ಟಿಲ್ಲ."

ಎಲ್ಲರ ಕಣ್ಣೂ ಸೈಲೆನ್ಸರಿನ ತೂತಿನ ಮೇಲೆ ಹೋಯಿತು.

"ಯಾಕ, ಕಡಿಮಿ ಬಿತ್ತೇನು?" ಎಂದಿತು ಫೋನು.

ಮೊದಲು ನಕ್ಕವರು ಸಾವ್ಕಾರರು. ಆಮೇಲೆ ಹಮಾಲರು, ಮಲ್ಲೇಶ, ಕಡೆಗೆ ವಾಹಿದಾ ಕೂಡ ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು. ಗಡಿಗೆಪ್ಪ ಮಾತ್ರ ಫೋನನ್ನು ಕಿಸೆಗೆ ತುರುಕಿ, ಹುಣಸೆಮರದ ತುದಿಯಲ್ಲಿ ಏನೋ ಕಂಡವನಂತೆ ಮೇಲೆ ನೋಡುತ್ತ ನಿಂತ.

"ಅಕ್ಕಾರದು ಏನೂ ತಪ್ಪಿಲ್ಲ" ಎಂದಳು ವಾಹಿದಾ. "ಆಕಾಶಕ್ಕ ಬಾಯಿ ತಗದು ಇಟ್ಟಾಕಿ ನಾ. ನಿನ್ನಿ ಮಳಿ ಬಂದಿದ್ದರೂ ಇದೇ ಆಗ್ತಿತ್ತು."

ಸೈಲೆನ್ಸರ್ ಬಿಚ್ಚಿ ಬಗ್ಗಿಸಿದರೆ ಮಸಿ ಕಲಸಿದ ನೀರು ಬಂತು. ಮಿಷನ್ ತಲೆಕೆಳಗು ಮಾಡಿ, ಪ್ಲಗ್ ಇಲ್ಲದೆ ಹಗ್ಗ ಎಳೆದೆಳೆದು ಒಳಗಿದ್ದದ್ದನ್ನೆಲ್ಲ ಹೊರಗೆ ಉಗುಳಿಸಿದಳು. ಒಳಗೆ ಎಣ್ಣೆ ಬೆರೆಸಿದ ಪೆಟ್ರೋಲು ನಾಲ್ಕು ಹನಿ ಬಿಟ್ಟು ತೊಳೆದಳು, ಪ್ಲಗ್ ಒರೆಸಿ ಬಿಸಿಲಿಗಿಟ್ಟಳು. ಅದು ಒಣಗುವಷ್ಟರಲ್ಲಿ ಖಾಲಿ ಡಬ್ಬಿಯೊಂದರ ತಗಡು ಕತ್ತರಿಸಿ, ತೂತಿನ ಮೇಲೆ ಪುಟ್ಟ ಮಾಡಿನಂತೆ ಬಗ್ಗಿಸಿ ಬೋಲ್ಟಿನ ಕೆಳಗೆ ಬಿಗಿದಳು. ನಕ್ಕು ಮುಗಿಸಿದ್ದ ಜನ ಈಗ ಅವಳ ಬೆರಳುಗಳನ್ನು ನೋಡುತ್ತಿದ್ದರು. ಅವಳಿಗೆ ನಾಚಿಕೆಯೂ ಆಯಿತು, ಖುಷಿಯೂ ಆಯಿತು.

ಎರಡನೆಯ ಎಳೆತಕ್ಕೇ ಮಿಷನ್ ಚಾಲೂ ಆಯಿತು. ಅಂಗಳದ ತುಂಬ ಸುಟ್ಟ ಕೊಬ್ಬರಿಯ ವಾಸನೆ. ವಾಹಿದಾ ಕಣ್ಣು ಮುಚ್ಚಿ ಕೇಳಿದಳು, ಮಾನ್ವಿಯ ಬಿಸಿಲಿಗೆಂದು ತಿರುಪನ್ನು ಇಷ್ಟೇ ಇಷ್ಟು ತಿರುಗಿಸಿದಳು, ಮತ್ತೆ ಕೇಳಿದಳು. "ಒಯ್ರಿ" ಎಂದಳು.

ಗಡಿಗೆಪ್ಪ ಸೊಂಟಕ್ಕೆ ಹಗ್ಗ ಬಿಗಿದು ಮರ ಹತ್ತಿದ. ಕೊಂಬೆಯನ್ನು ತುದಿಯಿಂದ ಮೊಳದಷ್ಟು ಮೊಳದಷ್ಟು ಕೊಯ್ದು, ಹಗ್ಗದಲ್ಲಿ ಕಟ್ಟಿ ಇಳಿಸುವ ಕೆಲಸ. ಹುಣಸೆ ಬಲು ಹಟದ ಮರ. ಒಳಗಿನ ಕರಿ ತಿರುಳು ಬಂದಾಗ ಎಂಥ ಮಿಷನ್ನಿನ ದನಿಯೂ ಇಳಿಯುತ್ತದೆ. ಆ ಜಾಗ ಬಂದಾಗ ಕೆಳಗೆ ವಾಹಿದಾ ತನ್ನ ಓಢಣಿಯ ಚುಂಗು ಹಿಡಿದುಕೊಂಡಳು. ದನಿ ಒಂದಿಷ್ಟು ದಪ್ಪವಾಯಿತು, ಮತ್ತೆ ಮೇಲೆದ್ದಿತು. ನಿಲ್ಲಲಿಲ್ಲ. ಹತ್ತೂವರೆಗೆ ಕೊನೆಯ ತುಂಡು ತಗಡಿಗೆ ತಾಕದೆ ನೆಲ ಮುಟ್ಟಿತು.

ಗಡಿಗೆಪ್ಪ ಇಳಿದು ಬಂದು ಮುಖದ ಮೇಲಿನ ಹೊಟ್ಟು ಒರೆಸಿಕೊಂಡ. "ಚಾಚಾಗ ಹೇಳವ್ವಾ, ಉಳಿದ ಮೂರೂ..." ಎಂದವನು ಅಲ್ಲಿಗೇ ನಿಲ್ಲಿಸಿದ. "ಇಲ್ಲ, ನಿನಗ ಹೇಳ್ತೀನಿ. ಸೋಮವಾರ ಮೂರೂ ತರ್ತೀನಿ. ನೀನ ನೋಡಬೇಕು."

"ತರ್ರಿ" ಎಂದಳು ವಾಹಿದಾ. ಸ್ಪ್ಯಾನರುಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ಹಾಕತೊಡಗಿದಳು.

ಹೊರಗೆ ಕಾಯುತ್ತಿದ್ದ ಮೊದಲ ಲಾರಿ ಗುಡುಗುಟ್ಟುತ್ತ ಗೇಟಿನೊಳಗೆ ಮೂತಿ ಹಾಕಿತು. ಅಷ್ಟರಲ್ಲಿ ಮಲ್ಲೇಶ ತನ್ನ ಮಿಷನ್ನಿನ ಬಟ್ಟೆ ಬಿಚ್ಚಿ ತಂದು ಅವಳ ಮುಂದೆ ಇಟ್ಟ. ಎರಡು ಸಲ ಕೆಮ್ಮಿದ.

"ಅಕ್ಕಾ, ಇದೂ ನಾಕು ದಿನದಿಂದ ಒಂಥರಾ ಮಾಡಾಕತ್ತದ. ಸ್ವಲ್ಪ ಕೇಳ್ರಿ."

ವಾಹಿದಾ ಅದರ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಮಲ್ಲೇಶ ಹಗ್ಗ ಎಳೆದ. ಅವಳು ಕಿವಿ ಕೊಟ್ಟಳು, ಹುಬ್ಬು ಗಂಟಿಕ್ಕಿದಳು, ಲಾರಿಯ ಕಡೆ ಒಮ್ಮೆ ನೋಡಿದಳು. ಸಾವ್ಕಾರರು ದಡಬಡ ಗೇಟಿನತ್ತ ನಡೆದು, ಎಂಜಿನ್ ಬಂದ್ ಮಾಡು ಎಂದು ಡ್ರೈವರನಿಗೆ ಕೈಸನ್ನೆ ಮಾಡಿದರು.