ನಾಲ್ಕನೇ ದಿನದ ಪಾಠ

ಬೀದಿಯವರೆಲ್ಲ ಅವಳನ್ನು ದೊಡ್ಡತ್ತೆ ಎಂದೇ ಕರೆಯುತ್ತಿದ್ದರು. ಮನೆಯಲ್ಲಿದ್ದ ಸೊಸೆಯರು ಮೂವರೇ ಆದರೂ, ಅವಳು ಕೆಮ್ಮಿದರೆ ಆಚೆಮನೆಯ ಸೊಸೆಯೂ ತಲೆ ತಗ್ಗಿಸುತ್ತಿದ್ದಳು. ಇದನ್ನು ಅವಳು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದಳು. ಹೆಮ್ಮೆಗೆ ಕಾಸು ಖರ್ಚಿಲ್ಲವಲ್ಲ.

ಮಹಿಳಾ ಸಂಘದವರು ಪಕ್ಕದೂರಿನ ಸಭಾಭವನದಲ್ಲಿ ಹೆಂಗಸರಿಗೆ ಕೈಪಂಪು ರಿಪೇರಿ ಕಲಿಸುತ್ತಾರೆ, ನಾಲ್ಕು ದಿನದ ತರಬೇತಿ, ಈ ಬೀದಿಯಿಂದ ಒಬ್ಬರು ಬರಬಹುದು ಎಂದಾಗ, ಪಂಪು ತನ್ನ ಮನೆಯೆದುರಿಗೇ ಇದೆ ಎಂಬ ಒಂದೇ ಕಾರಣಕ್ಕೆ ದೊಡ್ಡತ್ತೆ ಆ ಜಾಗವನ್ನು ತನ್ನ ಮನೆಗೆ ಕಿತ್ತುಕೊಂಡಳು. ಕಿತ್ತುಕೊಂಡ ಮೇಲೆ ಶುರುವಾಯಿತು ಪೇಚಾಟ. ಹಿರಿಸೊಸೆಯನ್ನು ಕಳಿಸಿದರೆ ನಡುವಿನವಳ ಮುಖ ಊದುತ್ತದೆ. ನಡುವಿನವಳನ್ನು ಕಳಿಸಿದರೆ ಹಿರಿಯವಳು ಪಾತ್ರೆ ಕುಕ್ಕುತ್ತಾಳೆ. ಯಾರನ್ನೇ ಆಗಲಿ ನಾಲ್ಕು ದಿನ ಬಿಟ್ಟುಕೊಟ್ಟರೆ ಮನೆಗೆಲಸದ ಗತಿ? ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ದಿನಕ್ಕೊಬ್ಬಳು ಹೋಗಲಿ ಎಂದಳು.

ಹಾಗಾಗಿ ಮೊದಲ ದಿನ ಹಿರಿಸೊಸೆ ಹೋಗಿ ನಟ್ಟು ಸಡಿಲಿಸಿ ಮುಚ್ಚಳ ತೆಗೆಯುವುದನ್ನು ಕಲಿತಳು. ಎರಡನೇ ದಿನ ನಡುವಿನವಳು ಒಳಗಿನ ಸರಳನ್ನು ಎಳೆಯುವುದನ್ನು ಕಲಿತಳು. ಮೂರನೇ ದಿನ ಕಿರಿಸೊಸೆ ಚರ್ಮದ ವಾಷರ್ ಬದಲಿಸುವುದನ್ನು ಕಲಿತಳು. ನಾಲ್ಕನೇ ದಿನಕ್ಕೆ ಸೊಸೆಯರ ಪಾಳಿ ಮುಗಿದಿತ್ತು. ದೊಡ್ಡತ್ತೆ ತಾನೇ ಹೊರಟಳು.

ಅವತ್ತಿನ ಪಾಠ ಮರುಜೋಡಣೆ. ಊಟವಾಗಿತ್ತು, ಮೇಲೆ ಫ್ಯಾನು ತಿರುಗುತ್ತಿತ್ತು, ಒರಗಲು ಗೋಡೆಯೂ ಸಿಕ್ಕಿತು. ಕಲಿಸುತ್ತಿದ್ದ ಟೀಚರಮ್ಮನ ದನಿ ಜೋಗುಳಕ್ಕಿಂತ ಮೆತ್ತಗಿತ್ತು. ಎಚ್ಚರವಾದಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು, ದೊಡ್ಡತ್ತೆಯೂ ತಟ್ಟಿದಳು.

ಮನೆಗೆ ಬಂದಾಗ ಹಿರಿಸೊಸೆ ಕೇಳಿದಳು, "ಇವತ್ತು ಏನು ಹೇಳ್ಕೊಟ್ರು ಅತ್ತೆ?"

"ಜೋಡಿಸೋದು. ಬಿಚ್ಚೋದು ಕೋತಿಗೂ ಬರುತ್ತೆ. ಜೋಡಿಸೋದೇ ವಿದ್ಯೆ."

ಆ ಮಾತನ್ನು ಹದಿನೈದು ದಿನ ಬೀದಿಯ ತುಂಬ ಹೇಳಿಕೊಂಡು ತಿರುಗಿದಳು. ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಗಾದೆ ಅವಳಿಗೆ ಗೊತ್ತಿಲ್ಲದ್ದೇನಲ್ಲ. ಸೊಸೆಯರಿಗೆ ವಾರಕ್ಕೊಮ್ಮೆಯಾದರೂ ಅದನ್ನು ಹೇಳುತ್ತಿದ್ದವಳು ಅವಳೇ.

ಆಮೇಲೊಂದು ಬೆಳಿಗ್ಗೆ ಟೀಚರಮ್ಮ ಸ್ಪ್ಯಾನರು, ವಾಷರ್ ತುಂಬಿದ ಕಬ್ಬಿಣದ ಪೆಟ್ಟಿಗೆ ತಂದು ಪಂಪಿನ ಬಳಿ ಇಟ್ಟಳು. ಷರತ್ತು ಸರಳವಾಗಿತ್ತು. ಮನೆಯವರೇ ಎಲ್ಲರೆದುರು ಪಂಪು ಬಿಚ್ಚಿ, ವಾಷರ್ ಬದಲಿಸಿ, ಜೋಡಿಸಿ ನೀರು ಬರಿಸಬೇಕು. ಟೀಚರಮ್ಮ ಬಾಯಿ ಹಾಕುವುದಿಲ್ಲ. ನೀರು ಬಂದರೆ ಪೆಟ್ಟಿಗೆ ಈ ಹೆಂಗಸರದು. ಬರದಿದ್ದರೆ ಇದುವರೆಗೆ ಪಂಪು ರಿಪೇರಿ ಮಾಡುತ್ತಿದ್ದ ಸೈಕಲ್ ಅಂಗಡಿಯವನದು. ಅವನೂ ಬಂದು ಕೈ ಕಟ್ಟಿ ನಿಂತಿದ್ದ. ಕೆಟ್ಟವನಲ್ಲ ಅವನು, ಆದರೆ ಅವನ ಬಾಯಲ್ಲಿ 'ನಾಳೆ' ಬಿಟ್ಟು ಬೇರೆ ದಿನ ಬಂದದ್ದನ್ನು ಕೇಳಿದವರಿಲ್ಲ. ಹಿಂದಿನ ಸಲ ಪಂಪು ಕೆಟ್ಟಾಗ ಅವನ ನಾಳೆಗಳು ಮುಗಿಯುವವರೆಗೆ ಇಡೀ ಬೀದಿಯ ಹೆಂಗಸರು ಹೊಲ ದಾಟಿ ಕೆರೆಯಿಂದ ನೀರು ಹೊತ್ತಿದ್ದರು. ಹಾಗಾಗಿ ಅವತ್ತು ಒಲೆ ಹಚ್ಚಿದವರು ಆರಿಸಿ ಬಂದಿದ್ದರು.

ಹಿರಿಸೊಸೆ ಮುಚ್ಚಳ ಬಿಚ್ಚಿದಳು. ನಡುವಿನವಳು ಹಲ್ಲು ಕಚ್ಚಿ ಸರಳನ್ನು ಮೇಲೆಳೆದಳು. ಕಿರಿಯವಳು ಹರಿದ ವಾಷರ್ ತೆಗೆದೆಸೆದು ಹೊಸದನ್ನು ಕೈಗೆತ್ತಿಕೊಂಡಳು. ಪುಟ್ಟ ಬಟ್ಟಲಿನ ಆಕಾರದ ಚರ್ಮ ಅದು. ಬಟ್ಟಲಿನ ಬಾಯಿ ಮೇಲೆ ಮಾಡಿ ಸರಳಿಗೆ ಏರಿಸಲು ಹೋದವಳು ನಿಂತು, ವಾಡಿಕೆಯಂತೆ, ಮನೆ ಮುಂದಿನ ಕಟ್ಟೆಯ ಮೇಲೆ ಕೂತಿದ್ದ ಅತ್ತೆಯ ಮುಖ ನೋಡಿದಳು. ಇನ್ನು ಜೋಡಣೆ, ಅಂದರೆ ನಾಲ್ಕನೇ ದಿನದ ಪಾಠ.

ಅದರ ಒಂದಕ್ಷರವೂ ದೊಡ್ಡತ್ತೆಗೆ ಗೊತ್ತಿರಲಿಲ್ಲ. ಆದರೂ ಹುಟ್ಟಿದಾಗಿನಿಂದ ಪಾತ್ರೆ ತೊಳೆದು ಬೋರಲು ಹಾಕಿದ ಜೀವ ಅದು. ಬಟ್ಟಲನ್ನು ಹೇಗಿಡಬೇಕೆಂದು ಯಾವ ಟೀಚರಮ್ಮ ಬಂದು ಹೇಳಬೇಕು?

"ಬೋರಲು ಹಾಕು," ಎಂದಳು. "ಬಾಯಿ ಮೇಲಿದ್ರೆ ಕಸ ತುಂಬ್ಕೊಳಲ್ವಾ?"

ಕಿರಿಯವಳ ಕೈ ಒಂದು ಗಳಿಗೆ ತಡೆಯಿತು. ಆಮೇಲೆ ವಾಷರನ್ನು ತಿರುಗಿಸಿತು.

ಜೋಡಿಸಿದರು. ಮೇಲಿನಿಂದ ಒಂದು ತಂಬಿಗೆ ನೀರು ಹುಯ್ದರು. ಹಿರಿಸೊಸೆ ಹಿಡಿ ಒತ್ತಿದಳು, ನಡುವಿನವಳು ಒತ್ತಿದಳು, ನೆರೆಮನೆಯವಳೂ ಬಂದು ಒತ್ತಿದಳು. ಪಂಪು ತೇಗಿತೇ ಹೊರತು ಹನಿ ನೀರು ಉಗುಳಲಿಲ್ಲ.

"ಪಂಪೇ ಸರಿಯಿಲ್ಲ," ಎಂದಳು ದೊಡ್ಡತ್ತೆ.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ," ಎಂದಿತು ಹಿಂದಿನಿಂದ ಒಂದು ದನಿ. ಜನ ನಕ್ಕರು. ಸೈಕಲ್ ಅಂಗಡಿಯವನು ನಗಲಿಲ್ಲ. "ಬಿಡಿ ದೊಡ್ಡತ್ತೆ, ನಾನೇ ನೋಡ್ತೀನಿ," ಎನ್ನುತ್ತ ಬಗ್ಗಿ ಪೆಟ್ಟಿಗೆಯ ಮೇಲೆ ಕೈಯಿಟ್ಟ.

ದೊಡ್ಡತ್ತೆ ಸಹಾಯಕ್ಕಾಗಿ ಸೊಸೆಯರತ್ತ ನೋಡಿದಳು. ಇಬ್ಬರು ಅವಳನ್ನೇ ನೋಡುತ್ತಿದ್ದರು. ಕಿರಿಯವಳು ಮಾತ್ರ ಪಂಪನ್ನು ನೋಡುತ್ತಿದ್ದಳು, ತುಟಿ ಬಿಗಿದುಕೊಂಡು. ಆ ಮುಖ ದೊಡ್ಡತ್ತೆಗೆ ಚೆನ್ನಾಗಿ ಗೊತ್ತಿತ್ತು. ಸಾರಿಗೆ ಎರಡು ಸಲ ಉಪ್ಪು ಬಿದ್ದದ್ದನ್ನು ಕಂಡೂ ಸುಮ್ಮನಿರುವಾಗಿನ ಮುಖ ಅದು.

"ನಿನಗೆ ಗೊತ್ತಿತ್ತಾ?"

ಅವಳು ಸೆರಗಿಗೆ ಕೈ ಒರೆಸಿಕೊಂಡಳು.

"ಕೇಳ್ತಿರೋದು ನಿನ್ನನ್ನೇ. ಹೇಳೇ."

"ಬಾಯಿ ಮೇಲೆ ಬರ್ಬೇಕು ಅತ್ತೆ. ಆಗ್ಲೇ ನೀರು ಎತ್ತೋದು. ಮೂರನೇ ದಿನ ನನ್ನ ಕೈಲೇ ಹಾಕ್ಸಿದ್ರು."

"ಮತ್ತೆ ಯಾಕೆ ಸುಮ್ನಿದ್ದೆ?"

"ನೀವು ಹೇಳಿ ಆಗಿತ್ತಲ್ಲ ಅತ್ತೆ."

ಅದರಲ್ಲಿ ದೂರಿರಲಿಲ್ಲ, ಕೊಂಕೂ ಇರಲಿಲ್ಲ. ಹಾಲು ಉಕ್ಕಿತು ಎಂದು ತಿಳಿಸುವಂತೆ ತಿಳಿಸಿದಳು, ಅಷ್ಟೇ. ನನ್ನ ಕಿರಿಸೊಸೆ ಎದುರು ಮಾತಾಡುವವಳಲ್ಲ ಎಂದು ದೊಡ್ಡತ್ತೆ ಇದೇ ಕಟ್ಟೆಯ ಮೇಲೆ ಕೂತು ಎಷ್ಟು ಜನರ ಮುಂದೆ ಹೊಗಳಿದ್ದಳೋ. ಈಗ ಅವಳಿಗೆ ನಾಚಿಕೆಯಾಯಿತು. ಜನ ನಕ್ಕದ್ದಕ್ಕಲ್ಲ. ಗೊತ್ತಿದ್ದ ಹುಡುಗಿಯ ಕೈ ತನ್ನ ಒಂದು ಮಾತಿಗೆ ಹೇಗೆ ತಿರುಗಿತೆಂಬುದನ್ನು ಕಣ್ಣಾರೆ ಕಂಡದ್ದಕ್ಕೆ.

"ತೆಗಿಯೋ ಕೈ," ಎಂದು ಸೈಕಲ್ ಅಂಗಡಿಯವನನ್ನು ಗದರಿದಳು. ಆಮೇಲೆ ಇಡೀ ಬೀದಿಗೆ ಕೇಳುವಂತೆ ಹೇಳಿದಳು, "ನಾಲ್ಕನೇ ದಿನ ನಾನು ನಿದ್ದೆ ಹೊಡೆದೆ ಕಣ್ರೇ. ನನಗೇನೂ ಬರಲ್ಲ. ಬಿಚ್ಚಿ ಮತ್ತೆ. ಅವಳು ಹೇಳ್ದಂಗೆ ಹಾಕಿ."

ಈ ಸಲ ಜನ ಹೊಟ್ಟೆ ಹಿಡಿದು ನಕ್ಕರು. ಟೀಚರಮ್ಮನೂ ಮುಖ ಆ ಕಡೆ ತಿರುಗಿಸಿಕೊಂಡಳು. ಸೊಸೆಯರು ಮಾತ್ರ ನಗಲಿಲ್ಲ, ಅಷ್ಟು ಧೈರ್ಯ ಇನ್ನೂ ಬಂದಿರಲಿಲ್ಲ. ಮತ್ತೆ ಬಿಚ್ಚಿದರು, ವಾಷರ್ ತಿರುಗಿಸಿದರು, ಮುಚ್ಚಳ ಬಿಗಿದರು. ಹಿಡಿ ಒತ್ತಿದಾಗ ಮೊದಲು ಗಾಳಿ ಬಂತು, ಆಮೇಲೆ ಕೆಂಪು ನೀರು, ಆಮೇಲೆ ತಿಳಿನೀರು. ಕೊಡಗಳು ಮುಂದೆ ನುಗ್ಗಿದವು.

ಟೀಚರಮ್ಮ ಪೆಟ್ಟಿಗೆಯ ಬೀಗದ ಕೈ ಎತ್ತಿ ಹಿಡಿದಳು. "ಇದು ನಿಮ್ಮದೇ. ಕೀ ಯಾರ ಹತ್ರ ಇರ್ಬೇಕು?"

ಮೂವರು ಸೊಸೆಯರೂ ಒಟ್ಟಿಗೆ ದೊಡ್ಡತ್ತೆಯ ಮುಖ ನೋಡಿದರು.

"ನನ್ನ ಮುಖದಲ್ಲೇನು ಬರೆದಿದೆಯಾ?" ಎಂದು ಸಿಡುಕಿ, ದೊಡ್ಡತ್ತೆ ಎದ್ದು ಮನೆಯೊಳಕ್ಕೆ ನಡೆದಳು. ಅಲ್ಲಿ ಅವಳಿಗೆ ಕೆಲಸವೇನೂ ಇರಲಿಲ್ಲ. ನೋಡಲು ತನ್ನ ಮುಖ ಸಿಗದಿದ್ದರೆ ಏನು ಮಾಡುತ್ತಾರೋ ಮಾಡಲಿ ಎಂದುಕೊಂಡು ಗೋಡೆಗೆ ಆತು ನಿಂತಳು.

ಹೊರಗೆ ಒಂದರ ಹಿಂದೊಂದು ಕೊಡ ತುಂಬುವ ಸದ್ದು. ಆಮೇಲೆ ಹಿರಿಯವಳ ದನಿ: "ಹಿರಿಯವಳು ನಾನು, ನನ್ನ ಹತ್ರ ಇರುತ್ತೆ." "ಅದು ಹೇಗೆ?" ಎಂದು ನಡುವಿನವಳು. ದೊಡ್ಡತ್ತೆಯ ನಾಲಿಗೆಯ ತುದಿಗೆ ತೀರ್ಪು ಬಂದೇಬಿಟ್ಟಿತು. ಹೊಸ್ತಿಲವರೆಗೂ ನಡೆದಳು.

"ಇಲ್ಲ ಅಕ್ಕ," ಎಂದಿತು ಮೂರನೆಯ ದನಿ, ತಗ್ಗಿನಲ್ಲಿ ಶುರುವಾಗಿ ಏರುತ್ತ. "ನಾನು ಒಪ್ಪಲ್ಲ. ಯಾಕೆ ಅಂತ ಹೇಳ್ತೀನಿ, ಕೇಳಿ."

ದೊಡ್ಡತ್ತೆ ಹೊಸ್ತಿಲು ದಾಟಲಿಲ್ಲ. ಕಿರಿಯವಳು ಹೇಳುತ್ತಲೇ ಇದ್ದಳು.