ಕಾಯಿಗೆ ಬಿಡದ ಬಳ್ಳಿ

ಕಾಳು ಕಂಡರೆ ಕಚ್ಚಿ ನೋಡುವುದು ಆ ಮನೆಯವರ ಚಾಳಿ. ಮೂರು ತಲೆಮಾರಿನಿಂದ ನೆಹರು ಗಂಜಿನ ಕಾಳುಪೇಟೆಯಲ್ಲಿ ತೊಗರಿ ವ್ಯಾಪಾರ. ಅಂಗೈಗೆ ನಾಲ್ಕು ಕಾಳು ಬಿದ್ದರೆ ಒಂದಾದರೂ ಹಲ್ಲಿಗೆ ಹೋಗಲೇಬೇಕು. ಹಾಗಾಗಿ ಜಯದೇವಿ ಬೀಜದ ಪೊಟ್ಟಣ ಒಡೆದದ್ದೇ ತಡ, ಗಂಡ ಅಣವೀರಪ್ಪ ಒಂದನ್ನು ಎತ್ತಿ ಕಟಕ್ಕನೆ ಕಚ್ಚಿದ.

“ಉಗುಳ್ರಿ ಮೊದಲ! ತಿನ್ನೋದಲ್ಲ ಅಂತ ಬೀಜದಂಗಡಿ ಮಹಮ್ಮದ ಭಾಯಿ ಹತ್ತು ಸಲ ಹೇಳ್ಯಾರ. ಸ್ವೀಟ್ ಪೀ ಅಂತ. ಬರೀ ಹೂವಿಂದು.”

“ತಿನ್ನಾಕ ಬರಲಾರದ ಬಟಾಣಿ!” ಅಣವೀರಪ್ಪ ಉಗುಳಿ ನಕ್ಕ. “ಗಂಜಿನಾಗ ಯಾರಿಗೂ ಹೇಳಬ್ಯಾಡ. ನನ್ನ ಮರ್ಯಾದಿ ಹೋಗ್ತದ.”

ಎಂಬತ್ತೆಂಟನೇ ಇಸವಿ, ಗಣಪತಿ ಕಳಿಸಿ ವಾರವಾಗಿತ್ತು. ಶಹಾಬಜಾರದ ಆ ಮನೆಯ ಹಿತ್ತಲೆಂದರೆ ಬಚ್ಚಲ ಗೋಡೆಯ ಮಗ್ಗುಲಿಗೆ ಎರಡು ಮೊಳ ಅಗಲದ ಜಾಗ. ಜಯದೇವಿ ಅಲ್ಲಿಯ ಎರೆಮಣ್ಣಿಗೆ ಮರಳು, ಗೊಬ್ಬರ ಬೆರೆಸಿ, ರಾತ್ರಿಯೆಲ್ಲ ನೆನೆಸಿದ ಬೀಜ ಊರಿದಳು. ದಸರೆಗೆ ತವರಿಗೆ ಹೋದಾಗ ಕಮಲಾಪುರದ ಅಪ್ಪನ ಬಾಳೆ ತೋಟದಿಂದ ಒಂದು ಹೊರೆ ಬಾಳೆನಾರು ತಂದು ಗೋಡೆಯುದ್ದಕ್ಕೂ ಕಟ್ಟಿದಳು. ಬಳ್ಳಿಗಳು ಆ ನಾರಿಗೆ ಬೆರಳು ಸುತ್ತಿ ಸುತ್ತಿ ಹತ್ತಿದವು.

ಡಿಸೆಂಬರ್ ಹುಟ್ಟುತ್ತಲೇ ಹೂವಾಯಿತು. ತಿಳಿಗುಲಾಬಿ, ಬಿಳಿ, ಬದನೆಕಾಯಿ ಬಣ್ಣ. ಪರಿಮಳದಲ್ಲಿ ಜೇನಿನದೊಂದು ಎಳೆ, ಆಗಷ್ಟೇ ಸುಲಿದ ಕಿತ್ತಳೆಯದೊಂದು ಎಳೆ. ಆ ಮನೆಗೆ ಬಂದದ್ದೆಲ್ಲ ಏನಾದರೂ ಆಗಲೇಬೇಕಿತ್ತು: ತೊಗರಿ ಬೇಳೆಯಾಗಬೇಕು, ಹಾಲು ಮೊಸರಾಗಬೇಕು, ಸೊಸೆ ತಾಯಿಯಾಗಬೇಕು. ಏನೂ ಆಗಬೇಕಿಲ್ಲದ್ದು ಇದೊಂದೇ. ಜಯದೇವಿ ದಿನಾ ಬೆಳಿಗ್ಗೆ ಒಂದು ಹಿಡಿ ಹೂ ಕತ್ತರಿಸಿ, ಸ್ಟೀಲ್ ಲೋಟಕ್ಕೆ ನೀರು ಹಾಕಿ ಅಡುಗೆಮನೆಯ ಕಿಟಕಿಯಲ್ಲಿಡುತ್ತಿದ್ದಳು. ಮಹಮ್ಮದ ಹೇಳಿದ್ದು ನೆನಪಿತ್ತು: “ದಿನಾ ಹರೀರಿ ಬೆಹನ್. ಹರದಷ್ಟೂ ಬರ್ತಾವ. ಕಾಯಿ ಕಟ್ಟಿತಂದ್ರ ಬಳ್ಳಿ ಖತಂ.”

ಒಂದು ಬೆಳಿಗ್ಗೆ ಹಿಂದಿನಿಂದ ದನಿ ಬಂತು. “ಕೈ ತೆಗಿ!”

ಅತ್ತೆ ಶಾರದಾಬಾಯಿ. ಮಹಾಗಾಂವದ ತೊಗರಿ ಹೊಲದಲ್ಲಿ ಬೆಳೆದ ಹೆಂಗಸು. ಅಲ್ಲಿ ಮಕ್ಕಳು ಒಂದು ತೊಗರಿ ಹೂ ಚಿವುಟಿದರೂ ಬೆನ್ನ ಮೇಲೆ ಏಟು ಬೀಳುತ್ತಿತ್ತು.

“ಕಾಯಿ ಆಗೋ ಹೂವು ಹರೀತಾರೇನ ಯಾರರ? ಬಸುರಿ ಬಳ್ಳಿ ಅದು.”

“ಈ ಕಾಯಿ ತಿನ್ನಾಕ ಬರಂಗಿಲ್ಲರಿ ಅತ್ತಿ. ಯಾರಿಗಿ ಬೇಕು?”

“ಕಾಯಿ ಯಾರಿಗಿ ಬೇಕಂತ! ಲಗ್ನ ಆಗಿ ನಾಕು ವರ್ಷ ಆತು, ಇನ್ನೂ ತಿಳೀಲಿಲ್ಲೇನು ನಿನಗ?”

ಅಂದಮೇಲೆ ಶಾರದಾಬಾಯಿಗೇ ಕಸಿವಿಸಿಯಾಯಿತು. ಹತ್ತಿರ ಬಂದು ಸೊಸೆಯ ತಲೆ ಸವರಿದಳು. “ಕೇಳಿಲ್ಲಿ. ಕಾಯಿ ಕಟ್ಟಲಿ. ಎಳ್ಳ ಅಮಾಸಿ ದಿನ ಅದೇ ಕಾಯಿ ಹಾಕಿ ನಿನ್ನ ಉಡಿ ತುಂಬ್ತೀನಿ. ನೀ ಹಚ್ಚಿದ ಬಳ್ಳಿ, ನಿನ್ನ ಉಡಿ. ಅಲ್ಲಿತನ ಒಂದ ಹೂವಿಗಿ ಕೈ ಹಚ್ಚಬ್ಯಾಡ.”

ಈ ಅಕ್ಕರೆಯೇ ಜಯದೇವಿಯ ಕೈ ಕಟ್ಟಿಹಾಕಿತು. ನಾಲ್ಕು ವರ್ಷದಲ್ಲಿ ಕಟ್ಟಿಸಿಕೊಂಡ ದಾರಗಳೆಷ್ಟೋ, ನುಂಗಿದ ಬೇರುಗಳೆಷ್ಟೋ. ಡಾಕ್ಟರಮ್ಮ ಮಾತ್ರ, “ನಿಮ್ಮಲ್ಲಿ ದೋಷ ಇಲ್ಲ, ಯಜಮಾನರನ್ನು ಕರಕೊಂಡು ಬನ್ನಿ” ಅಂದಿದ್ದಳು. ಯಜಮಾನರಿಗೆ ಗಂಜಿನಲ್ಲಿ ಪುರುಸೊತ್ತಿರಲಿಲ್ಲ. ಆ ಮಾತು ಅತ್ತೆಯ ಕಿವಿಗೆ ಬೀಳಲೂ ಇಲ್ಲ.

ಕತ್ತರಿ ಗೂಟಕ್ಕೆ ತೂಗಿತು. ಹೂಗಳು ಬಳ್ಳಿಯಲ್ಲೇ ಬಾಡಿ, ಅವುಗಳೊಳಗಿಂದ ಚಪ್ಪಟೆ ಹಸಿರು ಕಾಯಿ ಹೊರಬಂದವು. ಮೂರು ವಾರದಲ್ಲಿ ತುದಿಯ ಮೊಗ್ಗು ಕಡಿಮೆಯಾದವು. ಬುಡದ ಎಲೆ ಹಳದಿಗೆ ತಿರುಗಿತು. ಶಾರದಾಬಾಯಿ ಮಾತ್ರ ದಿನಾ ಸ್ನಾನ ಮುಗಿಸಿ ಬಂದು ಕಾಯಿ ಎಣಿಸುತ್ತಿದ್ದಳು.

“ಬಳ್ಳಿ ಒಣಗಾಕತ್ತದರಿ ಅತ್ತಿ.”

“ಒಣಗಲಿ ಬಿಡು. ಕಾಯಿ ಬಂದಿಂದ ಬಳ್ಳಿ ಎದಕ ಬೇಕು?”

ಎಷ್ಟು ಸರಾಗವಾಗಿ ಅಂದುಬಿಟ್ಟಳು! ಜಯದೇವಿ ಅಂದು ಮಾಡಿದ ರೊಟ್ಟಿಗಳೆಲ್ಲ ಸೀದವು.

ಎಳ್ಳ ಅಮಾವಾಸ್ಯೆಯ ಬೆಳಿಗ್ಗೆ ಮನೆ ತುಂಬ ಸಜ್ಜೆ ರೊಟ್ಟಿ, ಭಜ್ಜಿಯ ಘಮ. ಮಹಾಗಾಂವದ ಹೊಲಕ್ಕೆ ಹೋಗಿ ಭೂಮಿತಾಯಿಗೆ ನೈವೇದ್ಯದ ಚರಗ ಚೆಲ್ಲಲು ಟೆಂಪೊ ಬಾಗಿಲಿಗೆ ಬಂದು ನಿಂತಿತ್ತು. ಹೊರಡುವ ಮುಂಚೆ ಉಡಿ ತುಂಬುವುದೆಂದು ಐದು ಮಂದಿ ಮುತ್ತೈದೆಯರು ಪಡಸಾಲೆಯಲ್ಲಿ ಕೂತಿದ್ದರು. ಶಾರದಾಬಾಯಿಯ ಅಕ್ಕ ಸೂಗಮ್ಮ ಮಣೆ ಹಾಕಿ, ಮೊರದಲ್ಲಿ ಜೋಳ, ತೆಂಗಿನಕಾಯಿ, ಕುಬಸದ ಖಣ ಜೋಡಿಸಿಟ್ಟಿದ್ದಳು.

“ಹೋಗವ್ವ ಜಯಾ, ಕಾಯಿ ಹರಕೊಂಡು ಬಾ. ಹನ್ನೊಂದ ಅವ, ನಾ ಎಣಿಸೀನಿ,” ಅಂದಳು ಶಾರದಾಬಾಯಿ.

ಜಯದೇವಿ ಗೂಟದ ಕತ್ತರಿ ತಗೊಂಡಳು. ಹಿತ್ತಲ ಬಾಗಿಲನ್ನು ಪೂರ್ತಿ ತೆರೆದಳು, ಪಡಸಾಲೆಯವರಿಗೆಲ್ಲ ಕಾಣಲಿ ಎಂದು. ಹನ್ನೊಂದೂ ಕಾಯಿಗಳನ್ನು ಒಂದೊಂದಾಗಿ ಕತ್ತರಿಸಿ ಬಚ್ಚಲ ಒಲೆಗೆ ಹಾಕಿದಳು. ಹಸಿಕಾಯಿ ಚುಯ್ ಅಂದವು.  ಆಮೇಲೆ ಹೂ. ಅರಳಿದ್ದು, ಅರೆ ಅರಳಿದ್ದು, ಉಳಿದಷ್ಟನ್ನೂ ಕತ್ತರಿಸಿ ಸೆರಗಿಗೆ ಹಾಕಿಕೊಂಡಳು. ಬಂದು ಮಣೆಯ ಮೇಲೆ ಕೂತಳು.

“ಕಾಯಿ ಎಲ್ಲಿ?” ಕೇಳಿದಳು ಶಾರದಾಬಾಯಿ.

“ಒಲ್ಯಾಗ.”

“ಅಯ್ಯ ಶಿವನೇ!” ಸೂಗಮ್ಮ ಗಲ್ಲಕ್ಕೆ ಕೈ ಹಚ್ಚಿದಳು. “ತುಂಬಿದ ಬಳ್ಳಿ ಸುಟ್ಟಳಲ್ಲ!”

“ಬಳ್ಳಿ ಸುಟ್ಟಿಲ್ಲರಿ ದೊಡ್ಡವ್ವ, ಉಳಿಸೀನಿ. ಎದಕ ಬೇಕು ಅಂತ ಅತ್ತಿ ಕೇಳಿದ್ರು. ನನಗ ಬೇಕು.”

ಬಾಗಿಲಲ್ಲಿ ನಿಂತಿದ್ದ ಅಣವೀರಪ್ಪ ಒಂದು ಹೆಜ್ಜೆ ಒಳಗಿಟ್ಟ. “ಏ, ಎಲ್ಲಾರ ಮುಂದ ಏನ ನಾಟಕ ಇದು?”

“ನೀವು ಡಾಕ್ಟರಮ್ಮನ ಹಂತೇಲಿ ಹೋದ ದಿನ ನನಗ ಕೇಳ್ರಿ,” ಅಂದಳು ಜಯದೇವಿ, ಅದೂ ಎಲ್ಲರ ಮುಂದೆಯೇ.

ಶಾರದಾಬಾಯಿ ಮಗನ ಮುಖ ನೋಡಿದಳು. ಅವನು ಟೆಂಪೊದ ಕಡೆ ನೋಡುತ್ತಿದ್ದ. ಅವಳು ಮೊರ ಎತ್ತಿದಳು. “ಆ ಹೂವ ತೆಗದ ಇಡು. ಬರೇ ಜೋಳ ಹಾಕೇ ಉಡಿ ತುಂಬ್ತೀನಿ.”

“ನನ್ನ ಉಡಿ ತುಂಬೇದರಿ ಅತ್ತಿ. ಇದರಾಗ ಇನ್ನೇನೂ ಹಿಡಿಯಂಗಿಲ್ಲ.”

ಮೊರ ಅಲ್ಲೇ ಉಳಿಯಿತು. ಟೆಂಪೊ ಹಾರ್ನ್ ಹೊಡೆದಾಗ ಜಯದೇವಿ ಸೆರಗು ಬಿಗಿಹಿಡಿದು ಎಲ್ಲರಿಗಿಂತ ಮೊದಲು ಹತ್ತಿ, ಅತ್ತೆಗೆಂದು ಬಿಡುತ್ತಿದ್ದ ಮುಂದಿನ ಸೀಟಿನಲ್ಲೇ ಕೂತಳು. ಶಾರದಾಬಾಯಿ ಬಂದು ಅವಳ ಮಗ್ಗುಲಿಗೇ ಕೂರಬೇಕಾಯಿತು. ದಾರಿಯುದ್ದಕ್ಕೂ ಎರಡೂ ಕಡೆ ಕಾಯಿ ತುಂಬಿದ ತೊಗರಿ ಬಾಗಿ ನಿಂತಿತ್ತು. ಜಯದೇವಿ ಮನಸ್ಸಿನಲ್ಲೇ ಗೋಡೆಯ ಬಳ್ಳಿ ಹತ್ತಿ ಇಳಿಯುತ್ತಿದ್ದಳು. ಹಳದಿ ಎಲೆ ಕಿತ್ತುಹಾಕಬೇಕು, ಇವತ್ತು ಸಂಜೆಯೇ ನೀರು ಕೊಡಬೇಕು.

ಟೆಂಪೊ ತುಂಬ ಹೂವಿನ ವಾಸನೆ. ಶಾರದಾಬಾಯಿ ಮುಖ ತಿರುಗಿಸಿ, ಮೂಗಿಗೆ ಸೆರಗು ಒತ್ತಿ ಕೂತಳು. ಮಹಾಗಾಂವ ಇನ್ನೂ ದೂರವಿತ್ತು. ಅಲ್ಲಿಯತನಕ ಉಸಿರಾಡದೆ ಇರುವುದು ಅವಳಿಂದಲೂ ಆಗುವಂತಿರಲಿಲ್ಲ.